ಇಬ್ಬರು ಅಳಿಯಂದಿರು, ಒಂದು ಸಿಂಹಾಸನ: 1070ರಲ್ಲಿ ವೇಂಗಿಯ ರಾಜೇಂದ್ರ ಚೋಳರ ದೊರೆಯಾದ ಪ್ರಕರಣ

ಕನ್ನಡದಲ್ಲಿ ಮಗಳ ಗಂಡನೂ ಅಳಿಯ, ಅಕ್ಕತಂಗಿಯ ಮಗನೂ ಅಳಿಯ. ಒಂದೇ ಪದಕ್ಕೆ ಎರಡು ನಂಟು. ಮನೆಯೊಳಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಸೋದರಳಿಯನಿಗೇ ಮಗಳನ್ನು ಕೊಡುವ ರೂಢಿ ಇರುವ ಕಡೆ ಇಬ್ಬರೂ ಒಬ್ಬನೇ ಆಗಿಬಿಡುತ್ತಾನೆ. ಆದರೆ 1070ರ ಬೇಸಿಗೆಯಲ್ಲಿ ಚೋಳರ ಅರಮನೆಯಲ್ಲಿ ಈ ಎರಡು ಅರ್ಥಗಳು ಎದುರುಬದುರಾಗಿ ನಿಂತವು. ಒಬ್ಬ ಅಳಿಯ ಕನ್ನಡ ನಾಡಿನ ವಿಕ್ರಮಾದಿತ್ಯ, ತೀರಿಹೋದ ಚೋಳ ದೊರೆಯ ಮಗಳ ಗಂಡ. ಇನ್ನೊಬ್ಬ ವೇಂಗಿಯ ರಾಜೇಂದ್ರ, ಅದೇ ದೊರೆಯ ಸೋದರಿಯ ಮಗ. ಒಬ್ಬ ತನ್ನ ಭಾವಮೈದುನನನ್ನು ಸಿಂಹಾಸನದ ಮೇಲೆ ಕೂರಿಸಿದ. ಇನ್ನೊಬ್ಬ ಕೆಲವೇ ದಿನಗಳಲ್ಲಿ ತಾನೇ ಬಂದು ಕೂತ.

ಆ ಎರಡನೆಯವನನ್ನೇ ನಾವು ಒಂದನೆಯ ಕುಲೋತ್ತುಂಗ ಚೋಳ ಎಂದು ಓದುತ್ತೇವೆ. ಶಾಲೆಯ ಪುಸ್ತಕದಲ್ಲಿ ಅವನಿಗೆ ಸಿಗುವುದು ಒಂದು ಸಾಲು: ವೇಂಗಿ ಮತ್ತು ಚೋಳ ರಾಜ್ಯಗಳನ್ನು ಒಂದು ಮಾಡಿದವನು. ಆ ಸಾಲು ತಪ್ಪಲ್ಲ. ಆದರೆ ತಂದೆಯ ರಾಜ್ಯ ಕೈಗೆ ಸಿಗದವನು ತಾಯಿಯ ತವರಿನ ರಾಜ್ಯವನ್ನು ಹೇಗೆ ಪಡೆದ? ಆಮೇಲೆ ತಂದೆಯ ರಾಜ್ಯಕ್ಕೆ ಏನಾಯಿತು? ನನಗೆ ಮುಖ್ಯ ಅನ್ನಿಸುವುದು ಈ ಎರಡು ಪ್ರಶ್ನೆಗಳು. ಪಕ್ಕದ ರಾಜ್ಯದ ಸಿಂಹಾಸನ ಒಬ್ಬನಿಗೆ ಒಲಿದರೆ ಅವನ ಸ್ವಂತ ರಾಜ್ಯದ ಗತಿ ಏನು ಎಂದು ಯಾರೂ ಹೆಚ್ಚಾಗಿ ಕೇಳುವುದಿಲ್ಲ. ಈ ಪ್ರಕರಣದಲ್ಲಿ ಅದನ್ನು ಕೇಳಲೇಬೇಕು.

ಮೂರು ತಲೆಮಾರಿನ ನಂಟು

ವೇಂಗಿ ಅಂದರೆ ಕೃಷ್ಣೆ ಮತ್ತು ಗೋದಾವರಿಯ ನಡುವಿನ, ಕಡಲಿಗೆ ತಾಗಿದ ನಾಡು. ಹಳೆಯ ವೇಂಗಿ ಊರು ಇಂದಿನ ಏಲೂರಿನ ಹತ್ತಿರದ ಪೆದವೇಗಿ. ನಮಗೆ ಇದು ಅಪರಿಚಿತ ನೆಲವೇನಲ್ಲ. ಆದಿಕವಿ ಪಂಪನ ಹಿರಿಯರು ವೇಂಗಿ ನಾಡಿನವರು. ಅಲ್ಲಿ ಆಳಿದ ಪೂರ್ವ ಚಾಲುಕ್ಯರೂ ಹೊರಟದ್ದು ಬಾದಾಮಿಯಿಂದ. ಇಮ್ಮಡಿ ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನ ಏಳನೇ ಶತಮಾನದ ಮೊದಲ ಭಾಗದಲ್ಲಿ ಅಲ್ಲಿ ನೆಲೆ ನಿಂತ. ಅಲ್ಲಿಂದ ಮುಂದೆ ನಾನೂರು ವರ್ಷ ಅದೇ ವಂಶ ಆಳಿತು.

ಚೋಳರ ನಂಟು ಶುರುವಾದದ್ದು ಕಷ್ಟಕಾಲದಲ್ಲಿ. 973ರಲ್ಲಿ ಜಟಾಚೋಡ ಭೀಮ ಎಂಬವನು ವೇಂಗಿಯ ದೊರೆ ದಾನಾರ್ಣವನನ್ನು ಕೊಂದು ರಾಜ್ಯ ಕಿತ್ತುಕೊಂಡ. ದಾನಾರ್ಣವನ ಇಬ್ಬರು ಮಕ್ಕಳು, ಶಕ್ತಿವರ್ಮ ಮತ್ತು ವಿಮಲಾದಿತ್ಯ, ಊರು ಬಿಟ್ಟರು. ಕೊನೆಗೆ ಚೋಳ ರಾಜರಾಜನ ಆಸರೆ ಸಿಕ್ಕಿತು. ಹತ್ತನೇ ಶತಮಾನ ಮುಗಿಯುವ ಹೊತ್ತಿಗೆ ರಾಜರಾಜ ಅಣ್ಣನಿಗೆ ವೇಂಗಿಯನ್ನು ಗೆದ್ದು ಕೊಟ್ಟ. ತಮ್ಮ ವಿಮಲಾದಿತ್ಯನಿಗೆ ಮಗಳು ಕುಂದವೈಯನ್ನು ಕೊಟ್ಟ. ಇವಳು ರಾಜರಾಜನ ಪ್ರಸಿದ್ಧ ಅಕ್ಕ ಕುಂದವೈ ಅಲ್ಲ, ಅದೇ ಹೆಸರಿನ ಮಗಳು.

ಮುಂದಿನದನ್ನು ನಮ್ಮ ಕಡೆಯ ಯಾವ ಅಜ್ಜಿಯಾದರೂ ಬೆರಳು ಮಡಿಸುತ್ತಾ ಹೇಳಿಯಾಳು. ಕುಂದವೈಯ ಮಗ ರಾಜರಾಜ ನರೇಂದ್ರ. ಅವನು ಮದುವೆಯಾದದ್ದು ಸೋದರಮಾವ ರಾಜೇಂದ್ರ ಚೋಳನ ಮಗಳು ಅಮ್ಮಂಗದೇವಿಯನ್ನು. ಇವರ ಮಗನೇ ನಮ್ಮ ಕಥೆಯ ರಾಜೇಂದ್ರ. ಅಜ್ಜನ ಹೆಸರನ್ನೇ ಇಟ್ಟರು. ಆ ಮಗನೂ ಸೋದರಮಾವ ಇಮ್ಮಡಿ ರಾಜೇಂದ್ರನ ಮಗಳು ಮಧುರಾಂತಕಿಯನ್ನೇ ಕೈಹಿಡಿದ. ಮೂರು ತಲೆಮಾರು, ಮೂವರು ಚೋಳ ಹೆಣ್ಣುಮಕ್ಕಳು, ಒಂದೇ ಮನೆ. ಲೆಕ್ಕ ಹಾಕಿದರೆ ಈ ಹುಡುಗನ ನೆತ್ತರಲ್ಲಿ ಮುಕ್ಕಾಲು ಪಾಲು ಚೋಳರದ್ದು, ಕಾಲು ಪಾಲು ಚಾಲುಕ್ಯರದ್ದು. ಹೆಸರು ಮಾತ್ರ ತಂದೆಯ ವಂಶದ್ದು.

ಹೊರಗಿನವರ ಕಣ್ಣಿಗೆ ಅವನು ಬೇರೆ ರಾಜ್ಯದವನು. ಆ ಮನೆಯ ಹೆಂಗಸರಿಗೆ ಅವನು ಮಗಳ ಮಗ, ಮೊಮ್ಮಗಳ ಗಂಡ, ಮನೆ ಹುಡುಗ. ಜಯಂಗೊಂಡಾರ್ ಎಂಬ ತಮಿಳು ಕವಿ ಕುಲೋತ್ತುಂಗನ ಕಳಿಂಗ ಯುದ್ಧದ ಬಗ್ಗೆ ಬರೆದ ಪರಣಿ ಎಂಬ ಯುದ್ಧಕಾವ್ಯದಲ್ಲಿ, ಹುಟ್ಟಿದ ಮಗುವನ್ನು ಗಂಗೈಕೊಂಡ ಚೋಳನ, ಅಂದರೆ ಅಜ್ಜ ರಾಜೇಂದ್ರನ, ರಾಣಿ ಎತ್ತಿಕೊಂಡು ಅದರ ಲಕ್ಷಣ ನೋಡಿ ಹಿಗ್ಗಿದಳು ಎಂದು ಹೇಳುತ್ತಾನೆ. ಅವನು ಆಸ್ಥಾನ ಕವಿ. ದೊರೆಯ ಹಕ್ಕನ್ನು ತೊಟ್ಟಿಲಿನಿಂದಲೇ ಕಟ್ಟುತ್ತಿದ್ದಾನೆ ಎಂಬುದು ಸ್ಪಷ್ಟ. ಆದರೂ ಆ ಚಿತ್ರದಲ್ಲಿ ಒಂದು ನಿಜ ಇದೆ. ಬಾಣಂತನಕ್ಕೆ ತವರಿಗೆ ಬರುವ ನಾಡಿನಲ್ಲಿ ಮಗು ಮೊದಲು ಕಣ್ಣುಬಿಡುವುದು ಅಜ್ಜಿಯ ಮನೆಯಲ್ಲೇ ಅಲ್ವಾ?

ಕೈತಪ್ಪಿದ ವೇಂಗಿ

ರಾಜರಾಜ ನರೇಂದ್ರನ ಪಟ್ಟಾಭಿಷೇಕ 1022ರಲ್ಲಿ ಆಯಿತು. ಅವನ ಕಾಲದಲ್ಲೇ ನನ್ನಯ ತೆಲುಗಿನಲ್ಲಿ ಮಹಾಭಾರತ ಬರೆಯಲು ಶುರುಮಾಡಿದ. ನನ್ನಯನಿಗೆ ನೆರವಾದ ನಾರಾಯಣ ಭಟ್ಟ ಸಂಸ್ಕೃತ, ಪ್ರಾಕೃತ, ತೆಲುಗಿನ ಜೊತೆ ಕನ್ನಡದಲ್ಲೂ ಪಂಡಿತ ಎಂದು ನಂದಂಪೂಡಿ ತಾಮ್ರಪಟ ಹೇಳುತ್ತದೆ. ಇಂಥ ಆಸ್ಥಾನ ಅದು. ಆದರೆ ದೊರೆಗೆ ನೆಮ್ಮದಿ ಮಾತ್ರ ಇರಲಿಲ್ಲ. ಇನ್ನೊಬ್ಬ ತಾಯಿಯ ಮಗ, ಏಳನೆಯ ವಿಜಯಾದಿತ್ಯ, ಸಿಂಹಾಸನಕ್ಕಾಗಿ ಕಾಯುತ್ತಲೇ ಇದ್ದ. ಅಣ್ಣನ ಹಿಂದೆ ಚೋಳರು ನಿಂತರೆ ತಮ್ಮನ ಬೆನ್ನಿಗೆ ಕನ್ನಡ ನಾಡನ್ನು ಆಳುತ್ತಿದ್ದ ಕಲ್ಯಾಣದ ಚಾಲುಕ್ಯರು ನಿಂತರು. ಇದು ಮನೆಜಗಳವಾಗಿ ಉಳಿಯಲಿಲ್ಲ. ತಂಜಾವೂರು ಕಡೆಯ ಚೋಳರಿಗೂ ಕಲ್ಯಾಣದವರಿಗೂ ನಡೆದ ದೊಡ್ಡ ಹೋರಾಟದ ಒಂದು ತುದಿ ತುಂಗಭದ್ರೆಯ ದಡದಲ್ಲಿತ್ತು, ಇನ್ನೊಂದು ತುದಿ ವೇಂಗಿಯಲ್ಲಿ.

1061ರಲ್ಲಿ ರಾಜರಾಜ ನರೇಂದ್ರ ತೀರಿಕೊಂಡ. ಮಗ ರಾಜೇಂದ್ರನಿಗೆ ಪಟ್ಟ ಸಿಗಬೇಕಿತ್ತು. ಸಿಗಲಿಲ್ಲ. ವಿಜಯಾದಿತ್ಯ ತನ್ನ ಮಗ ಶಕ್ತಿವರ್ಮನನ್ನು ಕೂರಿಸಿದ. ಆ ಹುಡುಗ ಒಂದೇ ವರ್ಷದಲ್ಲಿ ಸತ್ತ ಮೇಲೆ ತಾನೇ ಕೂತ.

ಇಲ್ಲಿ ಕಥೆಗೆ ಒಂದು ನೋವಿನ ತಿರುವು ಇದೆ. 1063ರಿಂದ ಚೋಳ ಸಿಂಹಾಸನದಲ್ಲಿದ್ದವನು ವೀರರಾಜೇಂದ್ರ, ಅಂದರೆ ರಾಜೇಂದ್ರನ ಸೋದರಮಾವ. ಅವನು ಬೆಜವಾಡದ, ಅಂದರೆ ಇಂದಿನ ವಿಜಯವಾಡದ, ಹತ್ತಿರ, ಕೃಷ್ಣೆಯ ದಡದಲ್ಲಿ, ಕಲ್ಯಾಣದ ಸೇನೆಯನ್ನು ಸೋಲಿಸಿ ವೇಂಗಿಯನ್ನು ಮತ್ತೆ ಗೆದ್ದ. ಗೆದ್ದ ಮೇಲೆ ಯಾರಿಗೆ ಕೊಟ್ಟ? ತನ್ನ ಸೋದರಳಿಯನಿಗಲ್ಲ. ತನ್ನ ಪಾದಕ್ಕೆ ಬಿದ್ದ ವಿಜಯಾದಿತ್ಯನಿಗೆ ಕೊಟ್ಟೆ ಎಂದು ಅವನ ಶಾಸನಗಳೇ ಹೇಳಿಕೊಳ್ಳುತ್ತವೆ. ಸ್ವಂತ ಮಾವ ಗೆದ್ದ ನಾಡು ಕೂಡ ಹುಡುಗನ ಕೈಗೆ ಬರಲಿಲ್ಲ. ವೀರರಾಜೇಂದ್ರನಿಗೆ ತನ್ನದೇ ಮಗ ಅಧಿರಾಜೇಂದ್ರ ಇದ್ದ. ವೇಂಗಿಯಲ್ಲಿ ಬಲವಾಗಿ ಬೇರೂರಿದ ಸೋದರಳಿಯ ಮುಂದೆ ಮಗನಿಗೆ ಅಡ್ಡ ಬಂದಾನು ಎಂಬ ಲೆಕ್ಕ ಅವನದಾಗಿತ್ತು ಎಂದು ನಾನು ನಂಬುತ್ತೇನೆ. ಮುಂದೆ ನಡೆದದ್ದನ್ನು ನೋಡಿದರೆ ಆ ಭಯ ಸುಮ್ನೆ ಹುಟ್ಟಿದ್ದಲ್ಲ.

ಆ ವರ್ಷಗಳಲ್ಲಿ ರಾಜೇಂದ್ರ ಉತ್ತರದ ಕಾಡುನಾಡಿನಲ್ಲಿ ಯುದ್ಧ ಮಾಡುತ್ತಿದ್ದ ಎಂದು ಅವನ ಮೊದಲ ವರ್ಷಗಳ ಶಾಸನಗಳಿಂದ ತಿಳಿಯುತ್ತದೆ. ಚಕ್ರಕೋಟದಲ್ಲಿ, ಅಂದರೆ ಇಂದಿನ ಛತ್ತೀಸ್‌ಗಢದ ಬಸ್ತರ್ ಕಡೆ, ಗೆದ್ದದ್ದನ್ನೂ ವಯಿರಾಗರದಲ್ಲಿ ಆನೆಗಳನ್ನು ಹಿಡಿದದ್ದನ್ನೂ ಅವು ಹೊಗಳುತ್ತವೆ. ಅವನ ಕೈಯಲ್ಲಿ ರಾಜ್ಯ ಇರಲಿಲ್ಲ, ಸೇನೆ ಇತ್ತು. 1070ರಲ್ಲಿ ಕೆಲಸಕ್ಕೆ ಬಂದದ್ದು ಅದೇ.

1070

ಅತ್ತ ಕನ್ನಡ ನಾಡಿನಲ್ಲಿ 1068ರಲ್ಲಿ ಕಲ್ಯಾಣದ ದೊರೆ ಆಹವಮಲ್ಲ ಸೋಮೇಶ್ವರ ವಾಸಿಯಾಗದ ಕಾಯಿಲೆಯಿಂದ ಬೇಸತ್ತು ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟಿದ್ದ. ದೊಡ್ಡ ಮಗ ಎರಡನೆಯ ಸೋಮೇಶ್ವರ ಪಟ್ಟಕ್ಕೆ ಬಂದ. ತಮ್ಮ ವಿಕ್ರಮಾದಿತ್ಯನಿಗೆ ಅದು ಸಹಿಸಲಿಲ್ಲ. ಅವನು ಅಣ್ಣನನ್ನು ಬಿಟ್ಟು ಹಳೆಯ ವೈರಿ ವೀರರಾಜೇಂದ್ರನ ಜೊತೆ ಕೈಜೋಡಿಸಿದ. ವೀರರಾಜೇಂದ್ರ ಅವನಿಗೆ ಮಗಳನ್ನೇ ಕೊಟ್ಟ. 1054ರಲ್ಲಿ ಕೊಪ್ಪಂ ಯುದ್ಧದಲ್ಲಿ ವೀರರಾಜೇಂದ್ರನ ಅಣ್ಣ ರಾಜಾಧಿರಾಜ ಇದೇ ಆಹವಮಲ್ಲನ ಸೇನೆಯ ಎದುರು ಆನೆಯ ಮೇಲೆ ಸತ್ತಿದ್ದ. ಹದಿನಾರು ವರ್ಷ ಕಳೆಯುವ ಮೊದಲೇ ಆಹವಮಲ್ಲನ ಮಗ ಚೋಳರ ಅಳಿಯನಾದ. ವೀರರಾಜೇಂದ್ರನ ಇನ್ನೊಬ್ಬ ಮಗಳು ರಾಜಸುಂದರಿ ಕಳಿಂಗದ ಗಂಗರ ಮನೆಗೆ ಹೋಗಿದ್ದಳು. ಸುತ್ತಲಿನ ರಾಜ್ಯಗಳನ್ನೆಲ್ಲ ಅವನು ಅಳಿಯಂದಿರ ಬೇಲಿಯಾಗಿ ಮಾಡಿಕೊಂಡಿದ್ದ. ಬೇಲಿಯ ಹೊರಗೆ ಉಳಿದವನು ಸೋದರಿಯ ಮಗ ಒಬ್ಬನೇ.

1070ರ ಮೊದಲ ತಿಂಗಳುಗಳಲ್ಲಿ ವೀರರಾಜೇಂದ್ರ ಸತ್ತ. ಮುಂದಿನದ್ದನ್ನು ನಮಗೆ ಹೇಳುವವನು ಬಿಲ್ಹಣ. ಕಾಶ್ಮೀರದಿಂದ ಬಂದು ವಿಕ್ರಮಾದಿತ್ಯನ ಆಸ್ಥಾನ ಸೇರಿ, ಅವನ ಮೇಲೆ ಸಂಸ್ಕೃತದಲ್ಲಿ ಚರಿತ್ರಕಾವ್ಯ ಬರೆದವನು. ಅವನ ಪ್ರಕಾರ ಮಾವ ಸತ್ತ ಸುದ್ದಿ, ಚೋಳನಾಡು ಗಲಭೆಯಲ್ಲಿದೆ ಎಂಬ ಸುದ್ದಿ ಕೇಳಿ ವಿಕ್ರಮಾದಿತ್ಯ ತುಂಗಭದ್ರೆಯಿಂದ ಹೊರಟ. ಕಂಚಿಗೆ ಹೋಗಿ ಅಲ್ಲಿನ ದಂಗೆ ಅಡಗಿಸಿದ. ಅಲ್ಲಿಂದ ಚೋಳರ ರಾಜಧಾನಿ ಗಂಗೈಕೊಂಡ ಚೋಳಪುರಕ್ಕೆ ಹೋಗಿ ಭಾವಮೈದುನ ಅಧಿರಾಜೇಂದ್ರನನ್ನು ಸಿಂಹಾಸನದಲ್ಲಿ ಗಟ್ಟಿಯಾಗಿ ಕೂರಿಸಿದ. ಕೆಲಕಾಲ ಅಲ್ಲೇ ಇದ್ದ. ಎಲ್ಲ ಸರಿಹೋಯಿತು ಎಂದುಕೊಂಡು ವಾಪಸ್ಸು ಬಂದ. ಬಂದು ಸ್ವಲ್ಪ ದಿನಕ್ಕೇ ಸುದ್ದಿ: ಹೊಸ ದಂಗೆಯಲ್ಲಿ ಅಧಿರಾಜೇಂದ್ರ ಸತ್ತ, ವೇಂಗಿಯ ರಾಜಿಗ ಸಿಂಹಾಸನ ಹಿಡಿದ.

ರಾಜಿಗ ಅಂದರೆ ನಮ್ಮ ರಾಜೇಂದ್ರನೇ. ಅವನ ಆಳ್ವಿಕೆಯ ವರ್ಷಗಳನ್ನು ಶಾಸನಗಳಿಂದ ಹಿಂದಕ್ಕೆ ಎಣಿಸಿದ ವಿದ್ವಾಂಸರು ಪಟ್ಟದ ದಿನವನ್ನು 1070ರ ಜೂನ್ 9ರ ಆಸುಪಾಸಿಗೆ ತರುತ್ತಾರೆ. ಅಧಿರಾಜೇಂದ್ರ ತಂದೆ ಬದುಕಿದ್ದಾಗಲೇ ಯುವರಾಜನಾಗಿ ಪಟ್ಟ ಕಟ್ಟಿಸಿಕೊಂಡಿದ್ದ. ಹಾಗಾಗಿ ಅವನ ಮೂರನೇ ವರ್ಷದ ಶಾಸನಗಳೂ ಸಿಗುತ್ತವೆ. ಆದರೆ ಒಬ್ಬನೇ ದೊರೆಯಾಗಿ ಅವನು ಆಳಿದ್ದು ತಿಂಗಳುಗಳ ಲೆಕ್ಕ ಮಾತ್ರ.

ದಂಗೆಯ ಹಿಂದೆ ರಾಜೇಂದ್ರನ ಕೈ ಇತ್ತೇ? ಬಿಲ್ಹಣ ಹಾಗೆ ನೇರವಾಗಿ ಹೇಳುವುದಿಲ್ಲ. ವಿಕ್ರಮಾದಿತ್ಯನ ಕವಿಗೆ ಆ ಆರೋಪ ಹೊರಿಸಲು ಎಲ್ಲ ಕಾರಣ ಇತ್ತು. ಆದರೂ ದಂಗೆಯನ್ನು ಪ್ರಜೆಗಳ ಲೆಕ್ಕಕ್ಕೆ, ಸಿಂಹಾಸನವನ್ನು ರಾಜಿಗನ ಲೆಕ್ಕಕ್ಕೆ ಬೇರೆಬೇರೆಯಾಗಿ ಬರೆದಿದ್ದಾನೆ. ನನಗೆ ಇದು ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಇನ್ನೊಂದು ಮಾತು. ತುಂಗಭದ್ರೆಯ ಸೇನೆ ಬಂದು ಕೂರಿಸಿದ ದೊರೆಯನ್ನು ಕಾವೇರಿ ತೀರದ ಜನ ಹೇಗೆ ನೋಡಿರಬೇಕು? ಐವತ್ತು ವರ್ಷ ಯಾರ ಎದುರು ಮಕ್ಕಳನ್ನು ಕಳೆದುಕೊಂಡರೋ ಅವರ ಕಾವಲಿನಲ್ಲಿ ಸ್ವಂತ ದೊರೆ ಕೂತಿದ್ದ. ವಿಕ್ರಮಾದಿತ್ಯ ಒಳ್ಳೆಯ ಮನಸ್ಸಿನಿಂದಲೇ ಹೋಗಿರಬಹುದು. ಆ ನೆರವೇ ಭಾವಮೈದುನನಿಗೆ ಮುಳ್ಳಾಯಿತು ಎಂದು ನಾನು ಓದಿಕೊಂಡಿದ್ದೇನೆ.

ಯಾರು ಏನು ಹೇಳಿದರು, ಏನು ಬಿಟ್ಟರು

ಈ ಪ್ರಕರಣದ ಸೊಗಸು ಇರುವುದು ಸಾಕ್ಷಿಗಳಲ್ಲಿ. ಬಿಲ್ಹಣನ ಮಾತು ಆಯಿತು. ತಮಿಳಿನ ಜಯಂಗೊಂಡಾರ್ ಬೇರೆ ಚಿತ್ರ ಕೊಡುತ್ತಾನೆ. ಚೋಳ ದೊರೆ ಸತ್ತ ಮೇಲೆ ನಾಡಿನಲ್ಲಿ ಹೇಳುವವರು ಕೇಳುವವರು ಇರಲಿಲ್ಲ, ಯಜ್ಞಗಳು ನಿಂತವು, ದೇವಸ್ಥಾನಗಳು ಹಾಳುಬಿದ್ದವು, ಜಾತಿಜಾತಿಗಳ ನಡುವೆ ಜಗಳ ಹುಟ್ಟಿತು, ಆಗ ಉತ್ತರದಿಂದ ಅಭಯನು, ಅಂದರೆ ಕುಲೋತ್ತುಂಗ, ಬಂದು ನಾಡನ್ನು ಕಾಪಾಡಿದ. ಇಡೀ ವಿವರಣೆಯಲ್ಲಿ ಅಧಿರಾಜೇಂದ್ರನ ಹೆಸರೇ ಇಲ್ಲ. ಒಬ್ಬ ದೊರೆ ಸತ್ತ, ನಾಡು ಖಾಲಿಯಾಯಿತು, ಇನ್ನೊಬ್ಬ ಬಂದ. ನಡುವೆ ಯಾರೂ ಇರಲಿಲ್ಲ ಎಂಬಂತೆ.

ಕುಲೋತ್ತುಂಗನ ಶಾಸನದ ಮಾತು ಇನ್ನೂ ನಾಜೂಕಾಗಿದೆ. ದಕ್ಷಿಣ ದಿಕ್ಕಿನ ಲಕ್ಷ್ಮಿ ಕಂಡಕಂಡವರ ಸೊತ್ತಾಗಬಾರದು, ಪೊನ್ನಿ ನದಿಯ ನಾಡು ಒಂಟಿಯಾಗಬಾರದು ಎಂದು ಅವನು ತನಗೆ ಹಕ್ಕಾಗಿ ಬಂದ ಕಿರೀಟ ಧರಿಸಿದ ಎಂಬ ಅರ್ಥದ ಸಾಲುಗಳು ಅಲ್ಲಿವೆ. ಪೊನ್ನಿ ಅಂದರೆ ನಮ್ಮ ಕಾವೇರಿ. ಅಲ್ಲಿ ಹಕ್ಕು ಎಂಬ ಮಾತು ಇದೆ. ನಾನು ಗೆದ್ದೆ ಎಂದು ಅವನು ಹೇಳಿಕೊಳ್ಳಲಿಲ್ಲ, ನನಗೆ ಬಂದದ್ದು ಎಂದ. ಚಕ್ರಕೋಟವನ್ನು ಗೆದ್ದೆ ಎನ್ನುವ ಅದೇ ಶಾಸನ ಚೋಳನಾಡಿನ ವಿಷಯದಲ್ಲಿ ಪದ ಬದಲಿಸುತ್ತದೆ.

ಆ ಹಕ್ಕನ್ನು ಒಪ್ಪಬಹುದೇ? ಚೋಳರಲ್ಲಿ ಪಟ್ಟ ಹೋಗುತ್ತಿದ್ದದ್ದು ಅಣ್ಣನಿಂದ ತಮ್ಮನಿಗೆ, ತಂದೆಯಿಂದ ಮಗನಿಗೆ. ತುಳುನಾಡಿನ ಅಳಿಯಸಂತಾನದ ಕಟ್ಟು ಅಲ್ಲಿ ಇರಲಿಲ್ಲ. ಆದ್ದರಿಂದ ಅಧಿರಾಜೇಂದ್ರ ಬದುಕಿರುವವರೆಗೆ ರಾಜೇಂದ್ರನಿಗೆ ಹಕ್ಕಿರಲಿಲ್ಲ ಎಂಬುದರಲ್ಲಿ ನನಗೆ ಅನುಮಾನ ಇಲ್ಲ. ಅವನು ಸತ್ತ ಮೇಲೆ ಲೆಕ್ಕ ಬೇರೆ. ರಾಜೇಂದ್ರ ಚೋಳನ ಮಗಳ ಮಗ ಮತ್ತು ಇಮ್ಮಡಿ ರಾಜೇಂದ್ರನ ಮಗಳ ಗಂಡ, ಎರಡೂ ಇವನೇ. ಸೇನೆಯೂ ಕೈಯಲ್ಲಿತ್ತು.

ಇನ್ನು ವೇಂಗಿಯ ಸಾಕ್ಷಿ. ಮುಂದೆ ಕುಲೋತ್ತುಂಗನ ಮಗ ವೀರಚೋಡ ಬರೆಸಿದ ಚೆಲ್ಲೂರು ತಾಮ್ರಪಟ ಹೀಗೆ ಹೇಳುತ್ತದೆ: ಅವನಿಗೆ ಮೊದಲು ವೇಂಗಿಯ ಪಟ್ಟವಾಯಿತು, ಆಮೇಲೆ ಚೋಳ ರಾಜ್ಯದ ಪಟ್ಟವಾಯಿತು; ಲೋಕ ಗೆಲ್ಲುವ ಆಸೆಯಿಂದ ಅವನು ವೇಂಗಿಯನ್ನು ಚಿಕ್ಕಪ್ಪ ವಿಜಯಾದಿತ್ಯನಿಗೆ ಕೊಟ್ಟ; ಚಿಕ್ಕಪ್ಪ 15 ವರ್ಷ ಆಳಿ ಸ್ವರ್ಗ ಸೇರಿದ. ಓದಲು ಸುಂದರವಾಗಿದೆ. ಆದರೆ ಆ 15 ಎಂಬ ಅಂಕಿಯೇ ಗುಟ್ಟು ಬಿಟ್ಟುಕೊಡುತ್ತದೆ. ಚಿಕ್ಕಪ್ಪನ ನಂತರ ಕುಲೋತ್ತುಂಗನ ಮಗ ವೇಂಗಿಗೆ ಬಂದದ್ದು 1076ರಲ್ಲಿ. 15 ಕಳೆದರೆ 1061. ಅಂದರೆ ತಂದೆ ಸತ್ತ ವರ್ಷದಿಂದಲೇ, ಮಗನನ್ನು ಕೂರಿಸಿದ್ದ ಆ ಒಂದು ವರ್ಷವೂ ಸೇರಿ, ನಾಡು ಚಿಕ್ಕಪ್ಪನ ಕೈಯಲ್ಲಿತ್ತು. ಹುಡುಗ ಪಟ್ಟಕ್ಕೆ ಬಂದು ಕೊಡಲು ನಡುವೆ ಜಾಗವೇ ಇಲ್ಲ. ಕಿತ್ತುಕೊಂಡದ್ದನ್ನು ಕೊಟ್ಟದ್ದು ಎಂದು ಬರೆಸಿದರು. ಕುಟುಂಬದ ಮರ್ಯಾದೆ ಉಳಿಯಿತು, ಲೆಕ್ಕವೂ ಉಳಿಯಿತು.

ಇದನ್ನು ಒಪ್ಪಿದರೆ ಇಡೀ ಪ್ರಕರಣ ಬೇರೆ ರೀತಿ ಕಾಣುತ್ತದೆ. ಒಂದು ರಾಜ್ಯದ ದೊರೆ ಪಕ್ಕದ ರಾಜ್ಯವನ್ನೂ ಪಡೆದ ಎನ್ನುವುದಕ್ಕಿಂತ, ತಂದೆಯ ಮನೆಯಲ್ಲಿ ಜಾಗ ಸಿಗದವನು ತಾಯಿಯ ಮನೆಗೆ ಬಂದು, ಅಲ್ಲಿಂದ ತಂದೆಯ ಮನೆಯನ್ನು ವಾಪಸ್ಸು ಪಡೆದ ಎನ್ನುವುದೇ ಹತ್ತಿರದ ಮಾತು.

ಎರಡು ಗೆಲುವಿನ ಒಂದು ಯುದ್ಧ

ವಿಕ್ರಮಾದಿತ್ಯ ಸುಮ್ಮನಿರಲಿಲ್ಲ. ಆದರೆ ಹೊಸ ಚೋಳ ದೊರೆ ಅಷ್ಟರಲ್ಲಿ ಅವನ ಅಣ್ಣ ಎರಡನೆಯ ಸೋಮೇಶ್ವರನ ಜೊತೆ ಕೈಕುಲುಕಿದ್ದ. ವಿಕ್ರಮಾದಿತ್ಯನ ಮುಂದೆ ಚೋಳ, ಹಿಂದೆ ಸ್ವಂತ ಅಣ್ಣ. ಬಿಲ್ಹಣನ ಪ್ರಕಾರ ಅವನು ಇಬ್ಬರನ್ನೂ ಸೋಲಿಸಿದ: ರಾಜಿಗ ಓಡಿಹೋದ, ಅಣ್ಣ ಸೆರೆಸಿಕ್ಕ. ಕುಲೋತ್ತುಂಗನ ಶಾಸನಗಳ ಪ್ರಕಾರ ಓಡಿದವನು ವಿಕ್ಕಲನ್. ನಂಗಲಿಯಿಂದ ತುಂಗಭದ್ರೆಯವರೆಗೆ ಅವನನ್ನು ಅಟ್ಟಿದೆ ಎಂದು ಅವನು ಬರೆಸಿದ್ದಾನೆ.

ನಂಗಲಿ ಇಂದಿಗೂ ಇದೆ. ಕೋಲಾರ ಜಿಲ್ಲೆಯಲ್ಲಿ, ಮುಳಬಾಗಿಲು ದಾಟಿ ಪಲಮನೇರು ಕಡೆ ಹೋಗುವ ಹೆದ್ದಾರಿಯಲ್ಲಿ, ಆಂಧ್ರದ ಗಡಿಗೆ ಹತ್ತಿರ. ತಿರುಪತಿಗೆ ಹೋಗುವ ಬಸ್ಸುಗಳು ಅಲ್ಲಿಂದಲೇ ಹಾದುಹೋಗುತ್ತವೆ. ಘಟ್ಟ ಇಳಿಯುವ ಮುಂಚಿನ ಆ ನೆಲ ಯಾಕೆ ಯುದ್ಧದ ಜಾಗವಾಯಿತು ಎಂದು ಒಮ್ಮೆ ಆ ದಾರಿಯಲ್ಲಿ ಹೋದವರಿಗೆ ಗೊತ್ತಾಗುತ್ತದೆ.

ಹೆಸರುಗಳನ್ನೂ ಗಮನಿಸಿ. ಒಬ್ಬರ ಬಾಯಲ್ಲಿ ರಾಜೇಂದ್ರ ರಾಜಿಗನಾದ, ಇನ್ನೊಬ್ಬರ ಬಾಯಲ್ಲಿ ವಿಕ್ರಮಾದಿತ್ಯ ವಿಕ್ಕಲನಾದ. ಇಬ್ಬರೂ ಒಬ್ಬರನ್ನೊಬ್ಬರು ಒಂದಿಷ್ಟು ಗಿಡ್ಡ ಮಾಡಿಯೇ ಕರೆದರು. ನಿಜವಾಗಿ ಆದದ್ದು ಇಷ್ಟು: 1076ರಲ್ಲಿ ಅಣ್ಣನನ್ನು ತಳ್ಳಿ ವಿಕ್ರಮಾದಿತ್ಯ ಕಲ್ಯಾಣದ ದೊರೆಯಾದ, ತನ್ನ ಹೆಸರಿನ ಚಾಲುಕ್ಯ ವಿಕ್ರಮ ಶಕೆ ಶುರುಮಾಡಿದ. ಕುಲೋತ್ತುಂಗ ಚೋಳ ಸಿಂಹಾಸನದಿಂದ ಅಲುಗಲಿಲ್ಲ. ಇಬ್ಬರಿಗೂ ಬೇಕಾದದ್ದು ಸಿಕ್ಕಿತು. ಸೋತವನು ಇಬ್ಬರ ನಡುವೆ ಸಿಕ್ಕಿಕೊಂಡ ಸೋಮೇಶ್ವರ.

ಯಾರ ಕುಲ?

ಹೊರಗಿನಿಂದ ಬಂದ ದೊರೆಗೆ ಪಟ್ಟದ ದಿನಕ್ಕಿಂತ ಅದರ ನಂತರದ ಹತ್ತು ವರ್ಷ ಕಷ್ಟ. ಇಲ್ಲಿ ಕುಲೋತ್ತುಂಗನ ಜಾಣತನಕ್ಕೆ ತಲೆಬಾಗಬೇಕು. ಮೊದಲ ನಾಲ್ಕು ವರ್ಷ ಶಾಸನಗಳಲ್ಲಿ ಅವನು ಬರೀ ರಾಜೇಂದ್ರ. ಅಜ್ಜನ ಹೆಸರು, ಚೋಳರ ಹೆಸರು, ಯಾರೂ ಪ್ರಶ್ನೆ ಮಾಡದ ಹೆಸರು. ಐದನೇ ವರ್ಷದಿಂದ ಕುಲೋತ್ತುಂಗ, ಅಂದರೆ ಕುಲವನ್ನು ಎತ್ತರಕ್ಕೆ ಏರಿಸಿದವನು. ಯಾವ ಕುಲ ಎಂದು ಆ ಹೆಸರು ಹೇಳುವುದಿಲ್ಲ. ಚೋಳರು ಸೂರ್ಯವಂಶ, ವೇಂಗಿಯವರು ಚಂದ್ರವಂಶ. ತಮಿಳುನಾಡಿನಲ್ಲಿ ಅವನು ರಾಜಕೇಸರಿ ಎಂಬ ಚೋಳರ ಬಿರುದು ಹೊತ್ತ ಸೂರ್ಯವಂಶದವನು. ಗೋದಾವರಿ ತೀರದಲ್ಲಿ ಅವನ ಮಕ್ಕಳು ವಿಷ್ಣುವರ್ಧನ ಎಂಬ ಹಳೆಯ ಬಿರುದನ್ನೂ ವರಾಹದ ಗುರುತನ್ನೂ ಇಟ್ಟುಕೊಂಡರು. ಎರಡೂ ಕಡೆಯವರು ತಮ್ಮವನೆಂದು ಓದಿಕೊಳ್ಳುವಂಥ ಹೆಸರು ಅದು.

ಹೆಸರಿನ ಜೊತೆ ಕೆಲಸವೂ ಇತ್ತು. ಅವನನ್ನು ತಮಿಳರು ಸುಂಗಂ ತವಿರ್ತ ಚೋಳನ್ ಎಂದು ನೆನೆಯುತ್ತಾರೆ: ಸುಂಕ ತೆಗೆದ ಚೋಳ. ಸುಂಗಂ ನಮ್ಮ ಸುಂಕವೇ. 1086ರಲ್ಲಿ ಜಮೀನಿನ ಅಳತೆ ಮಾಡಿಸಿದ. 1077ರಲ್ಲಿ ಚೋಳನಾಡಿನಿಂದ 72 ಜನರ ನಿಯೋಗ ಚೀನಾಕ್ಕೆ ಹೋಗಿತ್ತು. ದಂಗೆಯಲ್ಲಿ ಬೆಂದ ನಾಡಿನ ವ್ಯಾಪಾರಿಗೆ ಸುಂಕದ ಕಟ್ಟೆ ತೆಗೆದುಹಾಕಿದ ದೊರೆ ಯಾವ ವಂಶದವನು ಎಂಬುದು ಅಷ್ಟು ಮುಖ್ಯ ಅನ್ನಿಸಿರಲಿಕ್ಕಿಲ್ಲ. ಸುಮಾರು ಐವತ್ತು ವರ್ಷ ಆಳಿದ. ಅವನ ಸಂತತಿಯೇ ಹದಿಮೂರನೇ ಶತಮಾನದವರೆಗೆ ಚೋಳ ಸಿಂಹಾಸನದಲ್ಲಿ ಇತ್ತು.

ಕಳೆದುಕೊಂಡದ್ದೂ ಇದೆ. ಪಟ್ಟಕ್ಕೆ ಬಂದ ಸುಮಾರಿಗೇ ಲಂಕೆಯಲ್ಲಿ ವಿಜಯಬಾಹು ಚೋಳರನ್ನು ಓಡಿಸಿದ. ಕುಲೋತ್ತುಂಗ ಅದನ್ನು ಮರಳಿ ಪಡೆಯಲು ಹೋಗಲಿಲ್ಲ. ಮನೆ ಗಟ್ಟಿಯಾಗದೆ ಕಡಲಾಚೆಗೆ ಸೇನೆ ಕಳಿಸುವುದು ಹೇಗೆ? ಕೊನೆಗಾಲದಲ್ಲಿ, 1116ರಲ್ಲಿ, ಹೊಯ್ಸಳ ವಿಷ್ಣುವರ್ಧನ ತಲಕಾಡನ್ನು ಗೆದ್ದು ತಲಕಾಡುಗೊಂಡ ಎನಿಸಿಕೊಂಡ. ರಾಜರಾಜನ ಕಾಲದಿಂದ ಚೋಳರ ಕೈಯಲ್ಲಿದ್ದ ಗಂಗವಾಡಿ ನೂರಕ್ಕೂ ಹೆಚ್ಚು ವರ್ಷದ ಮೇಲೆ ಕನ್ನಡದವರಿಗೆ ಮರಳಿತು. ರಾಮಾನುಜರು ಮೇಲುಕೋಟೆಗೆ ಬಂದ ಕಥೆಯಲ್ಲಿ ಬರುವ ಚೋಳ ಯಾರು ಎಂಬುದಕ್ಕೆ ಕೆಲವರು ಅಧಿರಾಜೇಂದ್ರ ಎನ್ನುತ್ತಾರೆ, ಕೆಲವರು ಕುಲೋತ್ತುಂಗ ಎನ್ನುತ್ತಾರೆ. ಅದು ಇನ್ನೊಂದು ಪ್ರಕರಣ.

ತಂದೆಯ ನಾಡಿನ ಲೆಕ್ಕ

ವೇಂಗಿಗೆ ಏನಾಯಿತು? ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಇದೇ. 1076ರಲ್ಲಿ ಚಿಕ್ಕಪ್ಪ ಸತ್ತ ಮೇಲೆ ಕುಲೋತ್ತುಂಗ ತಾನು ಹೋಗಲಿಲ್ಲ. ಮಗ ರಾಜರಾಜ ಮುಮ್ಮಡಿ ಚೋಡನನ್ನು ಕಳಿಸಿದ. ಆ ಹುಡುಗ ಒಂದೇ ವರ್ಷದಲ್ಲಿ ವಾಪಸ್ಸು ಬಂದ. ತಂದೆತಾಯಿಯ ಪಾದಸೇವೆಯ ಸುಖಕ್ಕೆ ರಾಜ್ಯದ ಸುಖ ಸಮ ಅಲ್ಲ ಎಂದು ಅವನು ಬಗೆದ ಎನ್ನುತ್ತದೆ ಚೆಲ್ಲೂರು ತಾಮ್ರಪಟ. ಅಜ್ಜ ಆಳಿದ, ಅಪ್ಪ ಕನಸು ಕಂಡ ನಾಡು ಮಗನಿಗೆ ಪರಊರು. ಅವನ ಮನೆ ಗಂಗೈಕೊಂಡ ಚೋಳಪುರ. ಎರಡು ತಲೆಮಾರಿನಲ್ಲಿ ಮನೆ ಎಂಬುದರ ಅರ್ಥವೇ ಬದಲಾಗಿತ್ತು.

ಆಮೇಲೆ 1078ರಲ್ಲಿ ವೀರಚೋಡ ಬಂದ. 1084ರ ಹೊತ್ತಿಗೆ ಅವನನ್ನು ಕರೆಸಿಕೊಂಡು ದೊಡ್ಡ ಮಗ ಚೋಡಗಂಗನನ್ನು ಕಳಿಸಿದರು. ಕೆಲವೇ ವರ್ಷದಲ್ಲಿ ಮತ್ತೆ ವೀರಚೋಡ. 1093ರ ಸುಮಾರಿಗೆ ವಿಕ್ರಮ ಚೋಳ. ಮಕ್ಕಳು ಬಂದರು, ಹೋದರು. ಪಟ್ಟ ಕಟ್ಟಿಸಿಕೊಂಡರು, ದಾನ ಕೊಟ್ಟರು, ಬಿರುದು ಹೊತ್ತರು. ಆದರೆ ವೇಂಗಿ ಈಗ ರಾಜ್ಯವಾಗಿ ಉಳಿದಿರಲಿಲ್ಲ, ಮಕ್ಕಳನ್ನು ಆಳ್ವಿಕೆ ಕಲಿಯಲು ಕಳಿಸುವ ಜಾಗವಾಗಿತ್ತು. ನನ್ನಯ ಭಾರತ ಶುರುಮಾಡಿದ ರಾಜಮಹೇಂದ್ರವರದಲ್ಲಿ ಮತ್ತೆ ಅಂಥ ಆಸ್ಥಾನ ಕೂಡಲಿಲ್ಲ. ಅವನ ಭಾರತ ಅರ್ಧಕ್ಕೇ ನಿಂತಿತ್ತು. ಅದನ್ನು ಮುಂದುವರಿಸಲು ತಿಕ್ಕನನಿಗಾಗಿ ಹದಿಮೂರನೇ ಶತಮಾನದವರೆಗೆ ಕಾಯಬೇಕಾಯಿತು.

1118ರಲ್ಲಿ ಮುದಿ ಕುಲೋತ್ತುಂಗ ಮಗ ವಿಕ್ರಮ ಚೋಳನನ್ನು ದಕ್ಷಿಣಕ್ಕೆ ಕರೆಸಿಕೊಂಡ. ತನ್ನ ಪಕ್ಕದಲ್ಲಿ ಕೂರಿಸಿಕೊಂಡು ಪಟ್ಟ ಕಟ್ಟಿದ. ಚೋಳ ಸಿಂಹಾಸನಕ್ಕೆ ವಾರಸುದಾರ ಸಿಕ್ಕಿದ. ವೇಂಗಿಗೆ ಯಾರೂ ಇರಲಿಲ್ಲ. ಪಿಠಾಪುರದ ಕಂಬದ ಮೇಲಿನ ಶಾಸನ ಇದನ್ನು ತುಂಬ ಸರಳವಾಗಿ ಹೇಳುತ್ತದೆ: ವಿಕ್ರಮ ಚೋಳ ಚೋಳ ಮಂಡಲವನ್ನು ಆಳಲು ಹೋದ ಮೇಲೆ ವೇಂಗಿ ನಾಡಿಗೆ ನಾಯಕ ಇಲ್ಲದಂತಾಯಿತು.

ಖಾಲಿಯಾದ ಆ ನಾಡಿಗೆ ಬಂದವರು ಕನ್ನಡದವರು. ನಲವತ್ತೆಂಟು ವರ್ಷ ಹಿಂದೆ ಗಂಗೈಕೊಂಡ ಚೋಳಪುರದ ವಿಷಯದಲ್ಲಿ ಬರಿಗೈಯಲ್ಲಿ ಉಳಿದಿದ್ದ ವಿಕ್ರಮಾದಿತ್ಯ ಇನ್ನೂ ಕಲ್ಯಾಣದಲ್ಲಿ ಆಳುತ್ತಿದ್ದ. ಅವನ ದಂಡನಾಯಕ ಅನಂತಪಾಲ ವೇಂಗಿಯನ್ನು ಹಿಡಿದ. ಗೋದಾವರಿ ತೀರದ ದ್ರಾಕ್ಷಾರಾಮದ ಭೀಮೇಶ್ವರ ದೇವಸ್ಥಾನದಲ್ಲಿ ಅಲ್ಲಿಯವರೆಗೆ ಕುಲೋತ್ತುಂಗನ ಆಳ್ವಿಕೆಯ ವರ್ಷ ಹಾಕಿ ದಾನ ಕೆತ್ತಿಸುತ್ತಿದ್ದರು. ಅದೇ ದೇವಸ್ಥಾನದಲ್ಲಿ ಮುಂದಿನ ಕೆಲವು ವರ್ಷ ಚಾಲುಕ್ಯ ವಿಕ್ರಮ ವರ್ಷ ಹಾಕಿ ಕೆತ್ತಿಸಿದರು.